ಸಂಕವ್ವ ಬರೆಯದೆ ಉಳಿಸಿದ್ದ ಹೆಸರು

ಬಹಳ ಹಿಂದೆ, ಏಳು ಕೆರೆಗಳ ಆಚೆ, ಬಣ್ಣದಕೋಟೆ ಎಂಬ ರಾಜ್ಯದಲ್ಲಿ ಸಂಕವ್ವ ಎಂಬ ಹೆಂಗಸಿದ್ದಳು. ಅಂಗಡಿಯ ಹಲಗೆ, ಮದುವೆ ಮನೆಯ ಗೋಡೆ, ಉಪ್ಪಿನಕಾಯಿ ಜಾಡಿ, ಮಕ್ಕಳ ತೊಟ್ಟಿಲು, ಎಲ್ಲದರ ಮೇಲೂ ಅವಳೇ ಕುಂಚದಿಂದ ಅಕ್ಷರ ಬರೆಯಬೇಕು. ಗೆರೆ ಹಾಕಿಕೊಂಡು ಬರೆದವಳಲ್ಲ. ಅವಳ ಅಕ್ಷರಗಳು ಸಂತೆಗೆ ಹೊರಟ ಗೆಳತಿಯರ ಹಾಗೆ ಹೆಗಲಿಗೆ ಹೆಗಲು ತಾಗಿಸಿಕೊಂಡು ಹಿಂದೆಮುಂದೆ ನಡೆಯುತ್ತಿದ್ದವು. ಗಂಡ ಪಕ್ಕದಲ್ಲಿ ಕೂತು ಬಣ್ಣ ಅರೆಯುತ್ತಿದ್ದ.

ಒಂದು ದಿನ ಕರ್ಕಶನೆಂಬ ಮಾಂತ್ರಿಕ ಕಬ್ಬಿಣದ ಅಚ್ಚು ಹಿಡಿದು ಬಂದ. ಆ ಅಚ್ಚಿನಲ್ಲಿ ಯಾರ ಹೆಸರು ಒತ್ತಿದರೂ ಅವರು ಪ್ರಾಣಿಗಳಾಗುತ್ತಿದ್ದರು. ಮಿಠಾಯಿ ಮಾರುವ ದುಂಡಪ್ಪ ಆನೆಯಾದ. ಕುಣಿಯುವ ಮಲ್ಲಾಜಿ ಅಳಿಲಾದಳು. ಸಂಕವ್ವನ ಗಂಡ ಮುಳ್ಳುಹಂದಿಯಾದ.

"ತಮ್ಮದೇ ಎಂದು ಈ ಪ್ರಾಣಿಗಳು ಗುರುತಿಸುವ ಹಾಗೆ ಇವುಗಳ ಹೆಸರು ಬರೆದು ತೋರಿಸಿ," ಎಂದು ಮಾಂತ್ರಿಕ ನಕ್ಕ. "ಮೂವರೂ ಮನುಷ್ಯರಾದರೆ ನನ್ನ ಮಂತ್ರ ಸತ್ತಿತು. ಆಗದೆ ಹೊತ್ತು ಮುಳುಗಿದರೆ ನೀವೆಲ್ಲರೂ ಕಾಡುಪಾಲು!"

ಅರಮನೆಯ ಲಿಪಿಕಾರರು ಬಂಗಾರದ ಶಾಯಿಯಲ್ಲಿ ನೆಟ್ಟಗೆ ಬರೆದರು. ಪ್ರಾಣಿಗಳು ಮುಖ ತಿರುಗಿಸಿದವು. ರಾಜನೇ ಸಂಕವ್ವನ ಬಾಗಿಲಿಗೆ ಬಂದು, "ತಾಯಿ, ನಿನ್ನ ಕುಂಚ ತಾ," ಎಂದ.

ಸಂಕವ್ವ ಕುಂಚದ ತುಂಬ ಬಣ್ಣ ಅದ್ದಿ, ದುಂಡಪ್ಪನ ಹೆಸರನ್ನು ಲಾಡು ಉರುಳಿಸಿದಂತೆ ದುಂಡಗೆ ಬರೆದಳು. ಆನೆ ಗಹಗಹಿಸಿ ನಕ್ಕು ದುಂಡಪ್ಪನಾಯಿತು. ಒಣಕುಂಚದಲ್ಲಿ, ಕೈ ಎತ್ತದೆ, ಕೊನೆಯ ಸುಳಿ ಗಾಳಿಗೆ ಹಾರುವಂತೆ ಮಲ್ಲಾಜಿಯ ಹೆಸರು ಬರೆದಳು. ಅಳಿಲು ಜಿಗಿದು ಮಲ್ಲಾಜಿಯಾಯಿತು.

ಮೂರನೆಯದಕ್ಕೆ ಅವಳ ಕೈ ನಿಂತಿತು.

ಊರಿಗೆಲ್ಲ ಹೆಸರು ಬರೆದವಳು ಗಂಡನ ಹೆಸರನ್ನು ಬರೆದಿರಲೇ ಇಲ್ಲ. ಬಾಯಲ್ಲೂ ಹೇಳಿದವಳಲ್ಲ. 'ಅವರು', 'ಇವರು', 'ಇಗೋ ಇಲ್ಲಿ' ಎನ್ನುತ್ತಲೇ ಇಪ್ಪತ್ತು ವರ್ಷ ಕಳೆದಿತ್ತು.

ಅಂಗಡಿಗೆ ಬರೆಯುವ ಹಾಗೆ ಸೊಗಸಾಗಿ ಒಮ್ಮೆ ಬರೆದಳು. ಮುಳ್ಳುಹಂದಿ ಮುಳ್ಳು ನಿಗುರಿಸಿತು. ಒಂದು ಮುಳ್ಳು ಅವಳ ಅಂಗೈಗೆ ನಾಟಿತು.

"ಸೂರ್ಯ ಕೆಳಗಿಳಿದ," ಎಂದ ಕರ್ಕಶ.

ಸಂಕವ್ವ ಹಲಗೆ ಒರೆಸಿದಳು. ನೆಲಕ್ಕೆ ಕೂತಳು. ಈ ಸಲ ಸೊಗಸಿನ ಗೊಡವೆಗೆ ಹೋಗಲಿಲ್ಲ. ಒಂದೊಂದೇ ಅಕ್ಷರವನ್ನು ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತ ಬರೆದಳು: "ಚೆ... ಲು... ವ... ಯ್ಯ." ಅಕ್ಷರಗಳು ನಾಚಿ ಒಂದಕ್ಕೊಂದು ಒರಗಿಕೊಂಡವು.

ಮುಳ್ಳುಗಳು ಮೆಲ್ಲಗೆ ಮಲಗಿದವು. ಮುಳ್ಳುಹಂದಿ ಹತ್ತಿರ ಬಂದು, ಹಸಿ ಬಣ್ಣಕ್ಕೆ ಧೂಳು ಕೂರದಿರಲೆಂದು 'ಉಫ್' ಎಂದು ಊದಿತು.

"ಅವರೇ! ಅವರೇ ಹೀಗೆ ಊದೋದು!" ಎಂದು ಸಂಕವ್ವ ಕೂಗಿದಳು.

ಮುಳ್ಳುಹಂದಿಯಿದ್ದಲ್ಲಿ ಚೆಲುವಯ್ಯ ಕೂತಿದ್ದ. ಕಣ್ಣು ತುಂಬಿತ್ತು. "ನನಗೂ ಒಂದು ಹೆಸರಿದೆ ಅನ್ನೋದು ನಿನಗೆ ಮರೆತೇಹೋಗಿದೆ ಅಂದ್ಕೊಂಡಿದ್ದೆ ಕಣೇ."

"ಮರೀತೀನಾ? ಬರೆಯೋಕೆ ನಾಚಿಕೆ ಆಗ್ತಿತ್ತು," ಎಂದಳು ಅವಳು.

ಕಬ್ಬಿಣದ ಅಚ್ಚು ತುಕ್ಕು ಹಿಡಿದು ಪುಡಿಪುಡಿಯಾಯಿತು. ಮಂತ್ರ ಸತ್ತ ಕರ್ಕಶ ಬರಿಗೈಯಲ್ಲಿ ಗಡಿ ದಾಟಿ ಓಡಿದ. ದುಂಡಪ್ಪ ಊರಿಗೆಲ್ಲ ಮಿಠಾಯಿ ಹಂಚಿದ, ಮಲ್ಲಾಜಿ ಕುಣಿದಳು. ಬಣ್ಣದಕೋಟೆಯ ಜನ ಬಹುಕಾಲ ಸುಖವಾಗಿ ಬಾಳಿದರು. ಸಂಕವ್ವ ಮಾತ್ರ ಅಂದಿನಿಂದ ಗಂಡನನ್ನು ಹೆಸರು ಹಿಡಿದೇ ಕೂಗತೊಡಗಿದಳು. ಅವನು ಪ್ರತಿ ಸಲವೂ ಎರಡನೇ ಕೂಗಿಗಾಗಿ ಕಾದು, ಆಮೇಲೆ ಓಗೊಡುತ್ತಿದ್ದ.