ಹಿಂದಿನ ಸೀಟಿನ ಗಾಜು

"ಆ ಗಾಜು ಬಿಚ್ಬೇಡ ಕಣಮ್ಮ" ಎಂದು ಪೇಂಟರ್ ಮಾಮ ಹೇಳಿದಾಗ ಗಾಜಕ್ಕ ಕೈಗವಸು ಹಾಕಿಕೊಳ್ಳುತ್ತಿದ್ದಳು. ತಮಾಷೆಯಿರಬೇಕೆಂದು ಎರಡನೆಯ ಗವಸಿಗೂ ಕೈ ತೂರಿಸಿದಳು. ಅವನು ಮತ್ತೊಮ್ಮೆ ಅದನ್ನೇ ಹೇಳಿದಾಗ ಮಾತ್ರ ತಲೆಯೆತ್ತಿ ನೋಡಿದಳು. ಬಣ್ಣ ಹೊಡೆಯುವಾಗ ಹಾಕಿಕೊಳ್ಳುವ ಮಾಸ್ಕು ಅವನ ಕುತ್ತಿಗೆಗೆ ಜಾರಿತ್ತು. ತುಟಿಗಳು ಒಣಗಿ ಬಿಳಿಚಿಕೊಂಡಿದ್ದವು.

"ಬಿಚ್ಚಿದ್ರೆ ಏನಾಗತ್ತೆ ಮಾಮ? ರಕ್ತ ಕಾರ್ಕೊಂಡು ಸಾಯ್ತೀನಾ?"

"ನಗ್ಬೇಡ. ಅದಕ್ಕೆ ಮಾಟ ಆಗಿದೆ."

ಗಾಜಕ್ಕ ನಕ್ಕೇಬಿಟ್ಟಳು. ವರ್ಕ್‌ಶಾಪಿನ ತುಂಬ ಕೇಳಿಸುವ ಹಾಗೆ ನಕ್ಕಳು.

ಗಾಡಿಗಳಿಗೆ ಗಾಜು ಕೂರಿಸುವುದು ಹದಿನಾಲ್ಕು ವರ್ಷದಿಂದ ಅವಳ ಕಸುಬು. ಈ ವರ್ಕ್‌ಶಾಪಿಗೆ ಬಂದು ಮೂರು ವಾರವಾಗಿತ್ತು. ಗಾಜಕ್ಕ ಎಂಬ ಹೆಸರು ಮೊದಲ ವಾರದಲ್ಲೇ ಬಿದ್ದಿತ್ತು. ಶಕುನ, ದೃಷ್ಟಿ, ಮಾಟ ಎಂದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ಮದುವೆಯಾಗಿ ಹೋದ ಎರಡೇ ತಿಂಗಳಿಗೆ ಮಾವ ಮೆಟ್ಟಿಲಿಂದ ಬಿದ್ದು ತೀರಿಕೊಂಡಾಗ, ಇವಳ ಕಾಲ್ಗುಣವೇ ಸರಿಯಿಲ್ಲವೆಂದು ಅತ್ತೆ ಎಲ್ಲರೆದುರು ಅಂದಿದ್ದರು. ಗಂಡ ತಲೆ ತಗ್ಗಿಸಿ ನಿಂತಿದ್ದ. ಮೆಟ್ಟಿಲಿಗೆ ಕೈಹಿಡಿ ಹಾಕಿಸದೆ ಇದ್ದವರ ಕಾಲ್ಗುಣ ಹೇಗಿತ್ತೋ ಅದನ್ನೂ ವಿಚಾರಿಸಿಕೊಳ್ಳಿ ಎಂದು ಹೇಳಿ, ಒಂದು ಚೀಲ ಬಟ್ಟೆಯೊಂದಿಗೆ ಆ ಮನೆಯಿಂದ ಇಳಿದು ಬಂದವಳು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಗಾಡಿ ಬೂದು ಬಣ್ಣದ ಎಲೆಕ್ಟ್ರಿಕ್ ಎಸ್‌ಯುವಿ. ಬಲಗಡೆ, ಹಿಂಬಾಗಿಲಿನ ಆಚೆಗಿರುವ, ಇಳಿಸಲು ಬಾರದ ಕಪ್ಪು ಛಾಯೆಯ ಗಾಜು ಸೀಳಿತ್ತು. ಎರಡು ಪದರದ ಗಾಜು ಅದು, ಒಡೆದರೂ ಉದುರುವುದಿಲ್ಲ. ಕಲ್ಲು ಬಡಿದಿದ್ದರೆ ಹೊರಪದರ ಸೀಳಬೇಕಿತ್ತು. ಇಲ್ಲಿ ಹೊರಪದರ ನುಣ್ಣಗಿತ್ತು, ಸೀಳಿದ್ದು ಒಳಪದರ. ಒಂದೇ ಬಿಂದುವಿನಿಂದ ಐದು ಗೆರೆಗಳು ಮೇಲಕ್ಕೆ ಚಾಚಿಕೊಂಡಿದ್ದವು, ಒಳಗಿನಿಂದ ಯಾರೋ ಪುಟ್ಟ ಅಂಗೈ ಒತ್ತಿ ಹಿಡಿದಂತೆ. ಹಿಂದೆ ಕೂರಿಸಿದವನು ಅಂಟು ಸಮನಾಗಿ ಹಾಕಿಲ್ಲ, ಬಿಸಿಲಿಗೆ ಬಿಗಿದು ಸೀಳಿದೆ ಎಂದು ಗಾಜಕ್ಕ ತೀರ್ಮಾನ ಕೊಟ್ಟಳು.

ಹಿಂದೆ ಕೂರಿಸಿದವನು ಯಾರೆಂದು ಪೇಂಟರ್ ಮಾಮ ಹೇಳಿದ. ಅವಳಿಗಿಂತ ಮೊದಲು ಇದೇ ಜಾಗದಲ್ಲಿ, ಇವೇ ಸಲಕರಣೆಗಳಿಂದ ಕೆಲಸ ಮಾಡುತ್ತಿದ್ದ ಮೇಸ್ತ್ರಿ. ಅವನಿಗೆ ಏಳು ವರ್ಷದ ಒಬ್ಬನೇ ಮಗನಿದ್ದ. ಹುಳುಕು ಹಲ್ಲು ಕೀಳಿಸಲು ಕರೆದುಕೊಂಡು ಹೋದಾಗ ಡಾಕ್ಟರು ನಿದ್ದೆ ಬರುವ ಔಷಧಿ ಕೊಟ್ಟರು. ಹುಡುಗ ಏಳಲೇ ಇಲ್ಲ. ವಿಚಾರಣೆಯಲ್ಲಿ ಡಾಕ್ಟರದ್ದು ತಪ್ಪಿಲ್ಲ ಎಂದಾಯಿತು. ಅದಾಗಿ ಆರು ತಿಂಗಳಿಗೆ, ರಸ್ತೆಯಲ್ಲಿ ಕಲ್ಲು ಸಿಡಿದು ಗಾಜು ಹೋದ ಈ ಗಾಡಿ ಇದೇ ವರ್ಕ್‌ಶಾಪಿಗೆ ಬಂತು. ಒಡತಿ ಅದೇ ಹಲ್ಲಿನ ಡಾಕ್ಟರು. ಮಾಸ್ಕು ಕಟ್ಟಿಕೊಂಡಿದ್ದ ಮೇಸ್ತ್ರಿಯ ಗುರುತು ಅವರಿಗೆ ಸಿಗಲಿಲ್ಲ. ಅವನು ಒಂದು ದಿನ ರಜೆ ಹಾಕಿ, ಮಾಟ ಮಾಡುವವನೊಬ್ಬನ ಬಳಿಗೆ ಹೋಗಿ ಬಂದ. ಮಾರನೆಯ ದಿನ ಹೊಸ ಗಾಜು ಕೂರಿಸುವಾಗ, ಹಸಿ ಅಂಟಿನೊಳಕ್ಕೆ ಅವನು ಏನನ್ನೋ ಅದುಮಿದ್ದನ್ನು ಪೇಂಟರ್ ಮಾಮ ಕಣ್ಣಾರೆ ಕಂಡಿದ್ದ. ಮೂರನೆಯ ದಿನ ಮೇಸ್ತ್ರಿ ಮಲಗಿದಲ್ಲೇ ಸತ್ತಿದ್ದ.

ಕಂಡೂ ಯಾಕೆ ಬಾಯಿ ಬಿಡಲಿಲ್ಲ ಎಂದು ಗಾಜಕ್ಕ ಕೇಳಿದಳು. ಆ ಮಗುವನ್ನು ಎತ್ತಿ ಆಡಿಸಿದವನು ತಾನು, ಆಗ ತನಗೂ ಡಾಕ್ಟರ ಮೇಲೆ ಅಷ್ಟೇ ಸಿಟ್ಟಿತ್ತು ಎಂದು ಮುದುಕ ಗೋಡೆ ನೋಡುತ್ತ ಹೇಳಿದ. ಗಾಜಿನ ಅಂಟು ಕೊಯ್ಯುವ ತಂತಿಯ ಇನ್ನೊಂದು ತುದಿಯನ್ನು ತಾನಂತೂ ಹಿಡಿಯುವುದಿಲ್ಲವೆಂದು ಹೇಳಿ, ಬಣ್ಣದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಕೀ ಕಾರ್ಡು ಈಸಿಕೊಳ್ಳಲು ಗಾಜಕ್ಕ ಗಿರಾಕಿಗಳು ಕೂರುವ ಕೋಣೆಗೆ ಹೋದಳು. ಡಾಕ್ಟರು ಮೂಲೆಯ ಸೋಫಾದಲ್ಲಿದ್ದರು. ತೊಡೆಯ ಮೇಲೆ ಆರು ವರ್ಷದ ಮಗಳು ಮಲಗಿದ್ದಳು, ಹೆಸರು ಹಿಡಿದು ಎರಡು ಸಲ ಕರೆದರೂ ಕಣ್ಣು ಬಿಡಲಿಲ್ಲ. ಶಾಲೆಗೆ ಹೋಗುವಾಗ, ಬರುವಾಗ ಮಗು ಆ ಗಾಜಿಗೇ ತಲೆಯಾನಿಸಿ ಕೂರುತ್ತಿತ್ತಂತೆ. ನಾಲ್ಕು ತಿಂಗಳಿಂದ ನಿದ್ದೆ ಹೆಚ್ಚುತ್ತ ಬಂದಿದೆ, ಯಾವ ಪರೀಕ್ಷೆಯಲ್ಲೂ ಏನೂ ಸಿಕ್ಕಿಲ್ಲ, ಈಗ ಎಬ್ಬಿಸಿದರೆ ಎರಡು ತುತ್ತು ತಿಂದು ಮತ್ತೆ ಮಲಗಿಬಿಡುತ್ತಾಳೆ ಎಂದರು. ನಾಳೆ ಬೆಳಗ್ಗೆ ದೂರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಅಷ್ಟರಲ್ಲಿ ಗಾಜು ಗಟ್ಟಿಯಾಗಿರಬೇಕು ಎಂದರು.

ಗಾಜಕ್ಕನಿಗೆ ಮುದುಕನ ಮಾತು ನೆನಪಾಯಿತು. ನೆನಪಾಯಿತಲ್ಲ ಎಂದೇ ಸಿಟ್ಟು ಬಂತು. ಮಗುವಿಗೆ ಕಾಯಿಲೆಯಾದರೆ ಅದನ್ನೂ ಒಂದು ಗಾಜಿನ ತಲೆಗೆ ಕಟ್ಟುತ್ತಾರೆ. ಕಾರ್ಡು ಈಸಿಕೊಂಡು ದಾಪುಗಾಲು ಹಾಕುತ್ತ ಹೊರಟಳು.

ಮಧ್ಯಾಹ್ನ ಎರಡು ಗಂಟೆ. ತಗಡಿನ ಸೂರು ಕಾದು ಟಕ್ ಟಕ್ ಎನ್ನುತ್ತಿತ್ತು. ಅವಳು ಮುಂದಿನ ಬಾನೆಟ್ಟು ಎತ್ತಿ ಸಣ್ಣ ಬ್ಯಾಟರಿಯ ತಂತಿ ಕಳಚಿದಳು. ಗಾಜಿನ ಪಕ್ಕದಲ್ಲೇ ಏರ್‌ಬ್ಯಾಗು ಇರುವುದರಿಂದ ಅದು ಮೊದಲ ಕೆಲಸ. ಗಾಡಿಯ ಪರದೆ ಕಪ್ಪಾಯಿತು. ಒಳಗೆ ಕುಳಿತು ಹಿಂಬದಿಯ ಪ್ಯಾನೆಲ್ಲನ್ನು ಬಿಚ್ಚಿದಳು. ಕ್ಲಿಪ್ಪುಗಳು ಒಂದೊಂದಾಗಿ ಕಳಚಿಕೊಂಡವು. ಪ್ಯಾನೆಲ್ಲಿನ ಹಿಂದಿನಿಂದ ಒಂದು ವಾಸನೆ ಎದ್ದು ಬಂತು. ಲವಂಗದ ಎಣ್ಣೆ, ಸ್ಪಿರಿಟ್ಟು, ಬಾಯಿಗೆ ಒತ್ತಿದ ರಬ್ಬರು. ಹಲ್ಲಿನ ಡಾಕ್ಟರ ಗಾಡಿಯಲ್ಲಿ ಮಲ್ಲಿಗೆ ಘಮಘಮಿಸುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡಳು.

ಆಗ ಪರದೆ ಹೊತ್ತಿಕೊಂಡಿತು.

ಬ್ಯಾಟರಿ ಕಳಚಿದ್ದ ಗಾಡಿಯಲ್ಲಿ ಸಣ್ಣ ಕೆಂಪು ದೀಪ ಮಿನುಗತೊಡಗಿತು. ಹಿಂದಿನ ಸೀಟಿನಲ್ಲಿ ಯಾರೋ ಕುಳಿತಿದ್ದಾರೆ, ಬೆಲ್ಟು ಹಾಕಿಲ್ಲ ಎನ್ನುವ ದೀಪ. ಟಿಂಗ್. ಟಿಂಗ್. ಟಿಂಗ್. ಅವಳು ಪಕ್ಕದ ಸೀಟು ನೋಡಿದಳು. ಖಾಲಿ. ಆದರೆ ಸೀಟಿನ ಚರ್ಮ ಒಂದು ಗೇಣಗಲ ತಗ್ಗಾಗಿತ್ತು.

"ಬೆಲ್ಟು ಹಾಕ್ಕೊಳ್ಳಿ ಮತ್ತೆ" ಎಂದು ಗಾಜಕ್ಕ ಗಟ್ಟಿಯಾಗಿಯೇ ಹೇಳಿ ಕೆಳಗಿಳಿದಳು. ದನಿ ನಡುಗಿದ್ದು ಅವಳಿಗೇ ಕೇಳಿಸಿತು. ಅದೂ ಸಿಟ್ಟು ತರಿಸಿತು.

ಅಂಟು ಕೊಯ್ಯುವುದು ಇಬ್ಬರ ಕೆಲಸ. ಅಂಟಿನ ಮೂಲಕ ತಂತಿ ತೂರಿಸಿ, ಒಬ್ಬರು ಒಳಗೆ, ಒಬ್ಬರು ಹೊರಗೆ ಸರದಿಯಂತೆ ಎಳೆಯಬೇಕು. ಒಬ್ಬಳೇ ಆದ್ದರಿಂದ ಅವಳು ಒಳತುದಿಯನ್ನು ಒಂದು ಸಕ್ಷನ್ ಕಪ್ಪಿಗೆ ಸುತ್ತಿ ಗಾಜಿನ ಒಳಮೈಗೆ ಅಂಟಿಸಿದಳು. ಹೊರಗೆ ಬಂದು ತನ್ನ ತುದಿಯನ್ನು ಹಿಡಿಗೆ ಸುತ್ತಿ ಒಮ್ಮೆ ಎಳೆದಳು. ತಂತಿ ಬಂತು. ಸಡಿಲ ಬಿಟ್ಟಳು.

ತಂತಿ ಒಳಕ್ಕೆ ಹೋಯಿತು.

ಅವಳು ಎಳೆದಳು. ಬಂತು. ಬಿಟ್ಟಳು. ಹೋಯಿತು. ಒಳಗಿನಿಂದ ಎಳೆಯುತ್ತಿದ್ದ ಕೈಗೆ ಕೆಲಸ ಚೆನ್ನಾಗಿ ಗೊತ್ತಿತ್ತು. ಮೂಲೆ ತಿರುಗುವಾಗ ನಿಧಾನ, ನೇರ ಬಂದಾಗ ಬಿರುಸು. ಹದಿನಾಲ್ಕು ವರ್ಷದಲ್ಲಿ ಅಷ್ಟು ಒಳ್ಳೆಯ ಜೊತೆಗಾರ ಅವಳಿಗೆ ಸಿಕ್ಕಿರಲಿಲ್ಲ. ಕಪ್ಪು ಗಾಜಿನ ಹಿಂದೆ ಏನೂ ಕಾಣುತ್ತಿರಲಿಲ್ಲ. ಕಾಲು ಓಡು ಎಂದಿತು. ಓಡಿದರೆ ಅತ್ತೆಯ ಮಾತೇ ನಿಜವಾಗುತ್ತದೆ ಎಂದು ಅವಳಿಗೆ ಯಾಕೋ ಅನಿಸಿತು.

"ಎಳಿ" ಎಂದಳು. "ಸರಿಯಾಗಿ ಎಳಿ. ಪೇಂಟ್ ಗೀಚಿದ್ರೆ ನೋಡು."

ತಂತಿ ಸುತ್ತು ಮುಗಿಸಿತು. ಗಾಜು ಕಳಚಿತು. ಅದನ್ನು ಎತ್ತಿ ಸ್ಟ್ಯಾಂಡಿಗೆ ಒರಗಿಸಿ ತಿರುಗಿ ನೋಡಿದಳು.

ಹೊರಗೆ ಕಣ್ಣು ಕೋರೈಸುವ ಬಿಸಿಲು. ಆ ಕಿಟಕಿಯ ಜಾಗದಲ್ಲಿ ಮಾತ್ರ ಕತ್ತಲೆ. ಸೀಟಿಲ್ಲ, ಆಚೆಬದಿಯ ಬಾಗಿಲಿಲ್ಲ. ಮಣ್ಣಿನೊಳಗಿನ ಕತ್ತಲೆಯಂಥ ಕತ್ತಲೆ. ಅಂಚಿನಲ್ಲಿ ಉಳಿದ ಕಪ್ಪು ಅಂಟಿನೊಳಗೆ ಸೀಸದ ತಗಡಿನ ಸಣ್ಣ ಸುರುಳಿಯೊಂದು ಹುದುಗಿತ್ತು. ಚಾಕುವಿನಿಂದ ಬಿಡಿಸಿದಳು. ತಗಡಿನ ಮೇಲೆ ಮೊಳೆಯಿಂದ ಗೀಚಿದ ಹೆಸರು, ಡಾಕ್ಟರ ಮಗಳದ್ದು. ಆ ಅಕ್ಷರ ಅವಳಿಗೆ ಗೊತ್ತಿತ್ತು. ಸಲಕರಣೆಯ ಪೆಟ್ಟಿಗೆಯ ಮೇಲೆ, ಡ್ರಾಯರುಗಳ ಮೇಲೆ ಮೇಸ್ತ್ರಿ ಬರೆದಿಟ್ಟ ಅದೇ ಅಕ್ಷರವನ್ನು ದಿನವೂ ನೋಡುತ್ತಿದ್ದಳು. ಸುರುಳಿಯೊಳಗಿಂದ ದಾರ ಸುತ್ತಿದ ಏನೋ ಜಾರಿ ಕತ್ತಲೆಯ ಬದಿಯ ಅಂಟಿಗೆ ಸಿಕ್ಕಿಕೊಂಡಿತು. ಹಲ್ಲು. ಬೇರಿಗೆ ಒಣ ರಕ್ತ ಹತ್ತಿದ ಹಾಲುಹಲ್ಲು.

ಅದನ್ನು ತೆಗೆಯಲು ಅವಳು ಬಲಗೈ ಚಾಚಿದಳು.

ಪುಟ್ಟ ಬೆರಳುಗಳು ಅವಳ ಕೈ ಹಿಡಿದವು.

ತಣ್ಣಗಿದ್ದವು. ಬಿಗಿಯಾಗಿದ್ದವು. ಅವಳು ಎಳೆದುಕೊಂಡಳು. ಬಿಡಲಿಲ್ಲ. ಮುಂಗೈ ಜುಮ್ಮೆಂದಿತು. ಬೆರಳುಗಳು ಒಂದೊಂದಾಗಿ ಮರಗಟ್ಟಿದವು. ಮಣಿಕಟ್ಟು. ಮೊಳಕೈ. ಕಣ್ಣೆವೆ ಭಾರವಾಯಿತು. ಹಾಗೆಯೇ ಒರಗಿ ಮಲಗಿಬಿಡಬೇಕು ಎನಿಸಿತು. ಒಳಗಿನಿಂದ ಮಗುವಿನ ದನಿ ಬಂತು. ಬಾಯಲ್ಲಿ ಹತ್ತಿಯಿಟ್ಟುಕೊಂಡು ಮಾತಾಡಿದಂಥ ದನಿ.

"ಡಾಕ್ಟರಾಂಟಿ, ಮುಗೀತಾ? ಮನೆಗೆ ಹೋಗ್ಲಾ?"

ಗಾಜಕ್ಕನ ಭಯ ಅಲ್ಲಿಗೇ ನಿಂತಿತು. ಅದರ ಜಾಗಕ್ಕೆ ಬಂದದ್ದು ಕೋಪ. ಮೇಸ್ತ್ರಿಯ ಹುಡುಗ ಇನ್ನೂ ಹಲ್ಲು ಕೀಳುವ ಆ ಕುರ್ಚಿಯಲ್ಲೇ ಇದ್ದ. ಕಣ್ಣು ಮುಚ್ಚಿಕೊಂಡು, ಮುಗಿಯಿತು ಎನ್ನುವುದನ್ನೇ ಕಾಯುತ್ತಿದ್ದ. ಒಬ್ಬನೇ ಇರಲಾರದೆ ಪಕ್ಕದಲ್ಲಿ ಕುಳಿತವರನ್ನೆಲ್ಲ ನಿದ್ದೆಗೆ ಕರೆಯುತ್ತಿದ್ದ. ಅವನನ್ನು ಅಲ್ಲಿ ಕಟ್ಟಿಹಾಕಿದ್ದು ಹೆತ್ತ ಅಪ್ಪ.

"ಸತ್ತ ಮಗನನ್ನ ಮಲಗೋಕೂ ಬಿಡ್ಲಿಲ್ವಲ್ಲೋ ನೀನು" ಎಂದು ಅವಳು ಕತ್ತಲೆಗೆ ಹೇಳಿದಳು. ಕತ್ತಲೆಯಲ್ಲಿ ದೊಡ್ಡದೇನೋ ಉಸಿರೆಳೆಯಿತು. ತಂತಿ ನೆಲದ ಮೇಲೆ ಹಾವಿನಂತೆ ಹೊರಳಿ ಅವಳ ಪಾದಕ್ಕೆ ಸುತ್ತಿಕೊಂಡಿತು. ಬಿಗಿಯಿತು. ಚರ್ಮ ಕೊಯ್ಯಿತು. ಅವಳು ಕದಲಲಿಲ್ಲ. ಡಾಕ್ಟರನ್ನು ಕೂಗಿದಳು.

ಡಾಕ್ಟರು ಆಗಲೇ ಓಡಿ ಬರುತ್ತಿದ್ದರು. ಮಗಳು ಹೆಗಲ ಮೇಲೆ ಜೋತುಬಿದ್ದಿದ್ದಳು, ಉಸಿರು ನಿಲ್ಲುತ್ತಿದೆ ಎಂದು ತೊದಲುತ್ತಿದ್ದರು. ಕಿಟಕಿಯ ಕತ್ತಲೆಯ ಮುಂದೆ ಬಂದವರೇ ಅಲ್ಲೇ ಕಲ್ಲಾದರು. ಮತ್ತೆ ಅದೇ ದನಿ ಕೇಳಿತು. ಮುಗೀತಾ?

"ಹೇಳಿ ಅವನಿಗೆ" ಎಂದಳು ಗಾಜಕ್ಕ. "ನಿಮ್ಮನ್ನೇ ಕೇಳ್ತಿದಾನೆ. ನಿಜ ಹೇಳಿ."

ಡಾಕ್ಟರು ಮಗಳನ್ನು ಎದೆಗವಚಿಕೊಂಡರು. ಜೋಮು ಗಾಜಕ್ಕನ ಭುಜ ಹತ್ತಿತು. ಕಣ್ಣು ಮುಚ್ಚಿ ಬರುತ್ತಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು. ಬಾಯಿ ತುಂಬ ರಕ್ತ.

"ಮುಗೀತು ಮರಿ" ಎಂದರು ಡಾಕ್ಟರು. "ನಾನು ಔಷಧಿ ಜಾಸ್ತಿ ಕೊಟ್ಬಿಟ್ಟೆ. ನಿನ್ನ ತೂಕ ನೋಡ್ಲೇ ಇಲ್ಲ. ನೋಡ್ದೆ ಅಂತ ಸುಳ್ಳು ಬರೆದೆ. ತಪ್ಪು ನಂದೇ. ನೀನಿನ್ನು ಎದ್ದು ಹೋಗು ಕಂದ."

ಎಲ್ಲ ನಿಂತಿತು. ಟಿಂಗ್ ಎನ್ನುವುದೂ ನಿಂತಿತು. ಆ ನಿಶ್ಶಬ್ದದಲ್ಲಿ ಗಾಜಕ್ಕ ಎಡಗೈಯಿಂದ ಹಲ್ಲನ್ನು ಕಿತ್ತುಕೊಂಡಳು. ದೊಡ್ಡ ಉಸಿರು ಒಮ್ಮೆ ಬಿಕ್ಕಿದಂತಾಯಿತು. ಕಾಲಿನ ತಂತಿ ಸಡಿಲಿತು. ಮರುಗಳಿಗೆ ಕಿಟಕಿಯ ಆಚೆ ಬರೀ ಸೀಟು, ಬರೀ ಬಾಗಿಲು, ಬಿಸಿಲಲ್ಲಿ ತೇಲುವ ಧೂಳು.

ಡಾಕ್ಟರ ಹೆಗಲ ಮೇಲಿದ್ದ ಮಗು ಕೆಮ್ಮಿತು. ಕಣ್ಣು ಬಿಟ್ಟು, ಬಾಯಾರಿಕೆ ಎಂದಿತು.

ಹೊಸ ಗಾಜನ್ನು ಅವತ್ತೇ ಕೂರಿಸಿದರು. ಗಾಜಕ್ಕನ ಬಲಗೈ ಭುಜದಿಂದ ಜೋತಾಡುತ್ತಿತ್ತು. ಆಸ್ಪತ್ರೆಗೆ ನಡಿ ಎಂದರೆ ಕೆಲಸ ಅರ್ಧಕ್ಕೆ ಬಿಡುವವಳಲ್ಲ ಎಂದಳು. ಬಣ್ಣದ ಕೋಣೆಯಿಂದ ಹೊರಗೆ ಬಂದ ಪೇಂಟರ್ ಮಾಮ ಗಾಜಿನ ಒಂದು ಬದಿ ಹಿಡಿದ. ಡಾಕ್ಟರು ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಮೇಸ್ತ್ರಿಯ ಹೆಂಡತಿಯ ಮನೆ ಎಲ್ಲಿದೆ ಎಂದು ವಿಚಾರಿಸಿದರು. ಅಲ್ಲಿ ಏನೇನು ಮಾತಾಯಿತೋ ಯಾರಿಗೂ ತಿಳಿಯದು. ಮಾರನೆಯ ವಾರ ಅವರು ವಿಚಾರಣೆ ನಡೆಸಿದವರ ಬಳಿಗೆ ತಾವಾಗಿಯೇ ಹೋಗಿ ಸುಳ್ಳು ದಾಖಲೆಯ ವಿಷಯ ಬರೆದುಕೊಟ್ಟರು, ಕ್ಲಿನಿಕ್ಕಿನ ಬಾಗಿಲು ಮುಚ್ಚಿತು ಎಂದಷ್ಟೇ ಸುದ್ದಿ ಬಂತು.

ಗಾಜಕ್ಕನ ಕೈ ಏಳಲಿಲ್ಲ. ನರ ಸರಿಯಿದೆ, ಮೂಳೆ ಸರಿಯಿದೆ ಎಂದರು ವೈದ್ಯರು. ಸೂಜಿ ಚುಚ್ಚಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಕಂಡಕಂಡವರು ಮಾಟ ತೆಗೆಸಿಕೋ ಎಂದು ವಿಳಾಸಗಳನ್ನು ಹೇಳಿದರು. ಅವಳು ಅಷ್ಟನ್ನೂ ಕೇಳಿಸಿಕೊಂಡು, ಒಂದಕ್ಕೂ ಹೋಗದೆ, ಎಡಗೈಯಲ್ಲಿ ಅಂಟಿನ ಗೆರೆ ಎಳೆಯುವುದನ್ನು ಆರು ತಿಂಗಳಲ್ಲಿ ಕಲಿತುಕೊಂಡಳು. ಮೊದಮೊದಲು ಗೆರೆ ಸೊಟ್ಟಗಾಗುತ್ತಿತ್ತು. ಈ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳಲೇ ಎಂದು ವರ್ಕ್‌ಶಾಪಿನ ಯಜಮಾನರು ಮೆಲ್ಲಗೆ ಕೇಳಿದಾಗ, ಇನ್ನೊಂದು ಕೈ ಇದೆಯಲ್ಲ, ಅದು ಸೋತ ದಿನ ಮಾತಾಡೋಣ ಎಂದಳು.

ಒಂದು ಸಂಗತಿಯನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ. ಕೆಲಸ ಮುಗಿಸಿ ದೊಡ್ಡ ರಸ್ತೆ ದಾಟಲು ನಿಂತಾಗ ಕೆಲವೊಮ್ಮೆ, ಏನೂ ತಿಳಿಯದ ಆ ಬಲಗೈಯ ತೋರುಬೆರಳಿಗೆ ಪುಟ್ಟ ಬೆರಳುಗಳ ಹಿಡಿತ ತಿಳಿಯುತ್ತಿತ್ತು. ಮೊದಲ ಸಲ ಅವಳ ಮೈ ಬೆವರಿತು. ಎರಡನೆಯ ಸಲ ಸುತ್ತ ನೋಡಿದಳು. ಮೂರನೆಯ ಸಲ, ಗಾಡಿಗಳ ಸಾಲು ಮುಗಿಯುವವರೆಗೆ ಕಾದು, ಎಂದಿಗಿಂತ ಚಿಕ್ಕ ಹೆಜ್ಜೆಗಳಲ್ಲಿ, ನಿಧಾನವಾಗಿ ರಸ್ತೆ ದಾಟಿಸಿದಳು.