ಪೊನ್ಮುಡಿಯ ಅರ್ಧ ಮಾತು

“ಅವ ಅಷ್ಟು ಹೊತ್ತು ಮಾತಾಡಿದ. ನೀನು ಎರಡೇ ಮಾತಲ್ಲಿ ಮುಗಿಸಿದೆಯಲ್ಲ ಮಾರಾಯ್ತಿ!” ಎಂದರು ದೊಡ್ಡಮ್ಮ.

“ಅಷ್ಟೇ ದೊಡ್ಡಮ್ಮ. ದಾರಿ ಸುಲಭ ಉಂಟು, ಹೋಗಿ ಬನ್ನಿ ಅಂದ್ರು,” ಎಂದಳು ವಿನೋದಾ.

ಪೊನ್ಮುಡಿ ಬೆಟ್ಟದ ಚಹಾ ತೋಟದ ಗೇಟಿನಲ್ಲಿ ನಿಂತಿದ್ದ ಮುದಿ ಕಾವಲುಗಾರ ದಾಮೋದರನ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನಿಗೆ ಕನ್ನಡ ಬಾರದು. ಪುತ್ತೂರಿನಿಂದ ಬಂದ ದೊಡ್ಡಪ್ಪ ದೊಡ್ಡಮ್ಮನಿಗೆ ಮಲಯಾಳ ಬಾರದು. ಎರಡೂ ಬಲ್ಲ ಅಪ್ಪ ಕೆಳಗಿನ ತಿರುವಿನಲ್ಲಿ ಕಾರಿನ ಬಾನೆಟ್ ಎತ್ತಿ ನಿಂತಿದ್ದರು. ಬ್ಯಾಂಕಿನ ಗೆಳೆಯರಿಂದ ಕೇಳಿ ತಂದ ಲ್ಯಾಂಡ್‌ಮಾಸ್ಟರ್ ಅದು. ಬೆಟ್ಟ ಹತ್ತಿ ಹತ್ತಿ ಅದರ ಇಂಜಿನ್ನಿನಲ್ಲಿ ನೀರು ಕುದಿಯುತ್ತಿತ್ತು.

“ಇದು ತಣಿಯುವಾಗ ಮಧ್ಯಾಹ್ನ ಆಗ್ತದೆ. ನೀವು ನೋಡಿ ಬನ್ನಿ. ವಿನೋದಾ ಇದ್ದಾಳಲ್ಲ, ಕೇಳಿಕೊಂಡು ಹೋದರಾಯ್ತು,” ಎಂದಿದ್ದರು ಅಪ್ಪ.

ತ್ರಿಪ್ಪುಣಿತ್ತುರದ ಶಾಲೆಯಲ್ಲಿ ನಾಲ್ಕು ವರ್ಷ ಕಲಿತ ವಿನೋದಾಳಿಗೆ ಮಲಯಾಳವೆಂದರೆ ನೀರು ಕುಡಿದಷ್ಟು ಸಲೀಸು. ನಿನ್ನೆ ತಿರುವನಂತಪುರದಲ್ಲಿ ಪದ್ಮನಾಭ ದೇವಸ್ಥಾನ, ಮೃಗಾಲಯ, ಹೋಟೆಲು, ಎಲ್ಲ ಕಡೆ ಅವಳದೇ ಮಾತು. ಆಚೆಯವರು ಉದ್ದಕ್ಕೆ ಹೇಳಿದ್ದನ್ನು ಅವಳು ಗಿಡ್ಡ ಮಾಡಿ ಹೇಳುತ್ತಿದ್ದಳು. “ನಮ್ಮ ಕಲೆಕ್ಟರಮ್ಮ!” ಎಂದು ದೊಡ್ಡಪ್ಪ ಹೊಗಳಿದ್ದೇ ಹೊಗಳಿದ್ದು.

ಆದರೆ ದಾಮೋದರನ್ ಹೇಳಿದ್ದರಲ್ಲಿ ಅವಳು ಬಿಟ್ಟದ್ದು ದೊಡ್ಡದೇ. “ಸುಣ್ಣ ಬಳಿದ ಕಲ್ಲು ಸಿಗುತ್ತದೆ ಮಗಳೇ. ಇವತ್ತು ಅಲ್ಲಿಂದ ಮುಂದೆ ಹೋಗಬೇಡಿ. ಈಗ ಬಿಸಿಲಿದೆ, ಹನ್ನೊಂದಕ್ಕೆ ಮಂಜು ಬರುತ್ತದೆ,” ಎಂದು ಅವನು ಎರಡೆರಡು ಸಲ ಹೇಳಿದ್ದ. ಮಂಜು ಬಂದರೆ ಏನು ಮಾಡಬೇಕೆಂದೂ ಹೇಳಿದ್ದ.

ಹೇಳಿದರೆ ದೊಡ್ಡಮ್ಮ ಇಲ್ಲಿಂದಲೇ ವಾಪಸು. ತುದಿಯಿಂದ ಕಡಲು ಕಾಣುತ್ತದಂತೆ. ಅದನ್ನು ನೋಡಿಯೇ ಬರುತ್ತೇನೆಂದು ವಿನೋದಾ ಇಡೀ ಕ್ಲಾಸಿಗೆ ಹೇಳಿಯಾಗಿತ್ತು. “ನೀನಾ? ಸುಳ್ಳು!” ಎಂದು ರಾಜೀವಿ ಮೂತಿ ತಿರುಗಿಸಿದ್ದಳು.

“ಲೆಫ್ಟ್, ರೈಟ್! ಲೆಫ್ಟ್, ರೈಟ್!” ದೊಡ್ಡಪ್ಪ ಕೊಡೆ ಹೆಗಲಿಗೇರಿಸಿ ಹೊರಟರು. ಅವರು ಮೂವತ್ತು ವರ್ಷ ಡ್ರಿಲ್ ಮಾಸ್ತರರಾಗಿದ್ದವರು. ಕೊರಳಲ್ಲಿ ಈಗಲೂ ವಿಸಿಲ್ ನೇತಾಡುತ್ತಿತ್ತು.

“ರಿಟೈರಾಗಿ ಎರಡು ವರ್ಷ ಆಯ್ತು. ಇವರ ಪೀಪಿಗೆ ಮಾತ್ರ ರಿಟೈರ್ ಇಲ್ಲ,” ಎಂದರು ದೊಡ್ಡಮ್ಮ, ಮೊಣಕಾಲು ಹಿಡಿದುಕೊಂಡು ಹತ್ತುತ್ತ.

ಸುಣ್ಣದ ಕಲ್ಲು ಬಂತು. ದೊಡ್ಡಮ್ಮ ಅದರ ಮೇಲೆ ಕುಳಿತೇ ಬಿಟ್ಟರು. “ಸಾಕಪ್ಪ. ನನ್ನ ಕಾಲು ಬಿದ್ದುಹೋಯ್ತು.”

ವಿನೋದಾ ಮೇಲೆ ನೋಡಿದಳು. ಆಕಾಶ ತೊಳೆದ ಹಾಗಿತ್ತು. ತುದಿ ಇಲ್ಲೇ, ಕೈಗೆ ಸಿಗುವಷ್ಟು ಹತ್ತಿರ.

“ಇನ್ನು ಹತ್ತೇ ನಿಮಿಷ ದೊಡ್ಡಮ್ಮ! ಪ್ಲೀಸ್!”

“ಅವ ಹೋಗಬಹುದು ಅಂದಿದ್ದಾನಲ್ಲ?”

“ಹೂಂ,” ಎಂದಳು ವಿನೋದಾ. ಹಾಗೆಂದವಳೇ ದೊಡ್ಡಮ್ಮನ ಕೈ ಹಿಡಿದು ಎಬ್ಬಿಸಿ ಮುಂದೆ ಹೊರಟಳು.

ಕಾಲು ಗಂಟೆಯೂ ಆಗಿರಲಿಲ್ಲ. ಕಣಿವೆಯಿಂದ ಬಿಳಿಯದೊಂದು ಎದ್ದು ಬಂತು. ಮೊದಲು ತುದಿ ಮಾಯ. ಆಮೇಲೆ ದಾರಿ ಮಾಯ. ಎರಡು ಮಾರು ಮುಂದಿದ್ದ ದೊಡ್ಡಪ್ಪನ ಕೊಡೆ ಕೂಡ ಮಾಯ.

“ಅಯ್ಯೋ, ಎಂತ ಇದು? ನೀವು ಎಲ್ಲಿದ್ದೀರಿ?” ದೊಡ್ಡಮ್ಮ ಕೂಗಿದರು.

“ಇಲ್ಲೇ ಇದ್ದೇನೆ ಮಾರಾಯ್ತಿ. ಎಡಕ್ಕೆ ಹುಲ್ಲು ಉಂಟು, ಆ ಕಡೆಯಿಂದ ಇಳಿಯುವಾ.”

“ಎಡಕ್ಕೆ ಬೇಡ!” ವಿನೋದಾ ಕಿರುಚಿದಳು. “ದೊಡ್ಡಪ್ಪ, ನಿಲ್ಲಿ! ಎಡಕ್ಕೆ ಹುಲ್ಲಿನ ಅಡಿಯಲ್ಲಿ ನೆಲ ಇಲ್ಲ! ಬರೀ ಕಂದಕ!”

ದೊಡ್ಡಪ್ಪನ ಹೆಜ್ಜೆಯ ಸದ್ದು ನಿಂತಿತು.

“ನಿಂಗೆ ಹೇಗೆ ಗೊತ್ತು?” ಮಂಜಿನೊಳಗಿಂದ ಅವರ ದನಿ ಬಂತು.

“ಅವರು... ಅವರು ಹೇಳಿದ್ರು.”

ದೊಡ್ಡಪ್ಪ ಕೊಡೆಯಿಂದ ನೆಲ ತಟ್ಟಿ ನೋಡುತ್ತ ವಾಪಸು ಬಂದು ಅವಳ ಪಕ್ಕ ನಿಂತರು.

“ಹಾಗಾದರೆ ಉಳಿದದ್ದನ್ನೂ ಹೇಳಿಬಿಡು,” ಎಂದರು. ಗದರಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು.

ವಿನೋದಾ ಎಲ್ಲ ಹೇಳಿದಳು. ಸುಣ್ಣದ ಕಲ್ಲು, ಹನ್ನೊಂದು ಗಂಟೆ, ಕಂದಕ. “ಮಂಜು ಬಂದರೆ ಇದ್ದಲ್ಲೇ ಕೂತಿರಿ, ಒಂದು ಹೆಜ್ಜೆ ಕೂಡ ಇಡಬೇಡಿ, ನಾನು ಬರ್ತೇನೆ ಅಂದಿದ್ರು.”

“ಕೂತುಕೊಳ್ಳಿ ಹಾಗಾದರೆ,” ಎಂದು ದೊಡ್ಡಮ್ಮ ಅಲ್ಲೇ ಕುಳಿತು ಸೆರಗಿನ ಗಂಟು ಬಿಚ್ಚಿದರು. “ಇಕೊ, ಕೋಡುಬಳೆ. ಹೆದರಿದ ಹೊಟ್ಟೆ ಖಾಲಿ ಇರಬಾರದು.”

ವಿನೋದಾ ಕೋಡುಬಳೆಯನ್ನು ಕೈಯಲ್ಲೇ ಹಿಡಿದು ಕುಳಿತಳು. ಪಕ್ಕದಲ್ಲಿ ದೊಡ್ಡಮ್ಮ ಮೊಣಕಾಲು ನೀವಿಕೊಳ್ಳುವುದು ಕೇಳುತ್ತಿತ್ತು.

ದೊಡ್ಡಪ್ಪ ವಿಸಿಲ್ ಊದಿದರು. ಪೀ... ಪೀ... ನಿಮಿಷಕ್ಕೊಮ್ಮೆ ಊದಿದರು. “ಇನ್ನೂ ಜೋರಾಗಿ ಊದಿ,” ಎಂದರು ಈ ಸಲ ದೊಡ್ಡಮ್ಮ.

ಎಷ್ಟೋ ಹೊತ್ತಿನ ಮೇಲೆ ಕೆಳಗಿನಿಂದ “ಹೋಯ್!” ಎಂಬ ಕೂಗು ಕೇಳಿತು. ಕೋಲು ಊರಿಕೊಂಡು, ತಲೆಗೆ ಗೋಣಿ ಹೊದ್ದು ದಾಮೋದರನ್ ಬಂದ. ಬಂದವನೇ ಕೈ ಬೀಸಿ ಬೀಸಿ ಜೋರಾಗಿ ಮಾತಾಡಿದ.

“ಎಂತ ಹೇಳ್ತಾನೆ?” ಎಂದರು ದೊಡ್ಡಮ್ಮ.

ವಿನೋದಾ ಉಸಿರು ಎಳೆದುಕೊಂಡಳು. “ಬುದ್ಧಿ ಉಂಟಾ ನಿಮಗೆ ಅಂತ ಕೇಳ್ತಾರೆ. ಕಾಲುನೋವಿನವರನ್ನು ಇಷ್ಟು ಮೇಲೆ ಯಾರಾದರೂ ತರ್ತಾರಾ ಅಂತ. ಎರಡು ಸಲ ಹೇಳಿದ್ದೆ, ಈ ಹುಡುಗಿ ನಿಮಗೆ ಹೇಳಲೇ ಇಲ್ಲವಾ ಅಂತ. ನನ್ನ ಮೊಮ್ಮಗಳಾಗಿದ್ದರೆ ಕಿವಿ ಹಿಂಡ್ತಿದ್ದೆ ಅಂತ.” ಅವಳು ಒಂದು ಮಾತನ್ನೂ ಗಿಡ್ಡ ಮಾಡಲಿಲ್ಲ.

ದೊಡ್ಡಮ್ಮ ಅವಳನ್ನೇ ನೋಡಿದರು. “ಹೇಳಿದಳು, ಸ್ವಲ್ಪ ತಡವಾಯ್ತು ಅಂತ ಹೇಳು ಅವನಿಗೆ.”

ವಿನೋದಾ ಅದನ್ನೂ ಮಲಯಾಳದಲ್ಲಿ ಹೇಳಿದಳು. ದಾಮೋದರನ್ ಬೊಚ್ಚು ಬಾಯಿ ತೆರೆದು ನಕ್ಕ.

“ಈಗ ಎಂತ ಅಂದ?” ಎಂದರು ದೊಡ್ಡಪ್ಪ.

“ಏನೂ ಇಲ್ಲ ದೊಡ್ಡಪ್ಪ. ಸುಮ್ಮನೆ ನಕ್ಕರು. ನಿಜವಾಗಿ ಅಷ್ಟೇ.”

ದಾಮೋದರನ್ ಮುಂದೆ, ಉಳಿದವರು ಹಿಂದೆ ಇಳಿಯತೊಡಗಿದರು. ಸುಣ್ಣದ ಕಲ್ಲಿನ ಹತ್ತಿರ ಬರುವಾಗ ಗಾಳಿ ಬೀಸಿತು. ಅವನು ಕೋಲೆತ್ತಿ ಹಿಂದೆ ತೋರಿಸಿದ. ತುದಿ ಮಂಜಿನಿಂದ ಹೊರಗೆ ಬಂದು ಬಿಸಿಲಲ್ಲಿ ಹೊಳೆಯುತ್ತಿತ್ತು.

ವಿನೋದಾ ಒಮ್ಮೆ ತಿರುಗಿ ನೋಡಿದಳು. ಆಮೇಲೆ ದೊಡ್ಡಮ್ಮನ ಕೈಯನ್ನು ತನ್ನ ಹೆಗಲ ಮೇಲಿಟ್ಟುಕೊಂಡು, ಮುಂದಿನ ಕಲ್ಲು ಅಲುಗುತ್ತದೆಯೇ ಎಂದು ಕಾಲಿನಿಂದ ಒತ್ತಿ ನೋಡಿದಳು.