ಒಂದೇ ಸೀಟಿನ ಗಾಡಿ

ಕಾರ್ಬುರೇಟರ್ ಕಾಣೆ!

ಬೆಳಗ್ಗೆ ಗ್ಯಾರೇಜಿನ ಬಾಗಿಲೆತ್ತಿದ ನೆರೆಮನೆಯ ವೆಂಡೆಲ್ ತನ್ನ ಹುಲ್ಲು ಕತ್ತರಿಸುವ ಗಾಡಿಯ ಎಂಜಿನ್ನಿನ ಪಕ್ಕ ಬೆರಳಾಡಿಸಿದ. ಬರೀ ಖಾಲಿ ಜಾಗ. ನೇರ ನನಗೇ ಫೋನ್ ಮಾಡಿದ—ಕದ್ದವನು ನಾನೇ ಅಂತ!

ಅವನ ಗುಮಾನಿಗೆ ಕಾರಣವಿತ್ತು ಅನ್ನಿ. ಕೂತು ಓಡಿಸುವ ಅಂಥದ್ದೇ ಹಳೇ ಗಾಡಿ ನನ್ನ ಶೆಡ್ಡಿನಲ್ಲೂ ತುಕ್ಕು ಹಿಡಿದು ಬಿದ್ದಿದೆ. ಆ ಕಾರ್ಬುರೇಟರ್ ಈಗ ಎಲ್ಲೂ ಸಿಗುವುದಿಲ್ಲ. ನಿನ್ನದನ್ನು ನನಗೆ ಮಾರಿಬಿಡು ಮಾರಾಯ ಎಂದು ಅವನ ಪ್ರಾಣ ತಿಂದಿದ್ದೆ.

ಆದರೆ ವೆಂಡೆಲ್‌ಗೆ ಅದು ಬರೀ ಗಾಡಿಯಲ್ಲ. ಕಣ್ಣು ಮಂಜಾಗಿ ಅವನ ಲೈಸೆನ್ಸ್ ಹೋಯಿತು. ಮಗಳು ಕೊರಿನ್ ಕಾರಿನ ಕೀಲಿ ಕಿತ್ತುಕೊಂಡಳು. ಅಮೆರಿಕದ ನಮ್ಮ ಅಯೋವಾ ರಾಜ್ಯದಲ್ಲಿ ಕಾರಿಲ್ಲದವನಿಗೆ ಕಾಲಿಲ್ಲ. ಸುತ್ತ ಜೋಳದ ಹೊಲ, ಬಸ್ಸಿನ ಸುಳಿವಿಲ್ಲ. ಲೈಸೆನ್ಸ್ ಕಳಕೊಂಡವರು ಇಂಥ ಗಾಡಿ ಹತ್ತಿ ರಸ್ತೆಯಂಚಿನಲ್ಲಿ ಪೇಟೆಗೆ ಬರುವುದು ನಮ್ಮಲ್ಲಿ ಹೊಸದೇನಲ್ಲ. ಚಳಿಗಾಲವಿಡೀ ಅವನು ಅದನ್ನು ಬಿಚ್ಚಿ, ಉಜ್ಜಿ, ಬಣ್ಣ ಬಳಿದಿದ್ದ. ಇವತ್ತು ಪೇಟೆಗೆ ಹೊರಡುವವನಿದ್ದ.

ಕಳ್ಳನೆನ್ನಿಸಿಕೊಂಡು ಸುಮ್ಮನಿರಲೇ? ನಿವೃತ್ತ ಪೊಲೀಸ್ ಡ್ವೇನ್‌ನನ್ನು ಕರೆದುಕೊಂಡೇ ಹೋದೆ.

ಡ್ವೇನ್ ಮೊಣಕಾಲೂರಿ ಗಾಡಿಯಡಿ ಬಗ್ಗಿದ. ನೆಲ ಮೂಸಿದ.

“ಪೆಟ್ರೋಲ್ ಯಾವಾಗ ಹಾಕಿದ್ದು?”

“ನಿನ್ನೆ ಸಂಜೆ. ಟ್ಯಾಂಕ್ ಭರ್ತಿ,” ಎಂದ ವೆಂಡೆಲ್.

“ಮಗಳು ಬಂದಿದ್ಲಂತೆ?”

“ಲಾರಿ ಕೆಳಗೆ ಸಾಯ್ತೀಯ ಅಂತ ಜಗಳ ಆಡಿ ಮಧ್ಯಾಹ್ನವೇ ಹೋದ್ಲು. ಕದ್ದೋನು ಇಲ್ಲೇ ನಿಂತಿದಾನೆ, ಅವನನ್ನ ಕೇಳು!”

ವೆಂಡೆಲ್‌ನ ಹೆಂಡತಿ ಆರ್ಡಿಸ್ ಕಾಫಿ ತಂದಳು. ಡ್ವೇನ್ ಎದ್ದು ನಿಂತ.

“ಟ್ಯಾಂಕ್ ಮೇಲಿದೆ. ಕಾರ್ಬುರೇಟರ್ ಕಿತ್ತರೆ ಪೆಟ್ರೋಲ್ ಪೂರ್ತಿ ಸುರೀಬೇಕು. ನೆಲ ನೋಡಿ—ಒಂದು ಹನಿ ಇಲ್ಲ. ಯಾಕೆ?”

ಯಾರೋ ಪೆಟ್ರೋಲಿನ ಪೈಪನ್ನು ಮಡಚಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದರು. ನಾನೂ ಅದನ್ನು ನೋಡಿದ್ದೆ; ವೆಂಡೆಲ್‌ನದೇ ಕೆಲಸ ಅಂದುಕೊಂಡಿದ್ದೆ. ಅವನಿಗೋ ಅದು ಕಂಡೇ ಇರಲಿಲ್ಲ.

ಡ್ವೇನ್ ಮೂಲೆಯತ್ತ ಕೈ ತೋರಿದ. ಅಲ್ಲಿ ನೀರು ಕಾಯಿಸುವ ಗ್ಯಾಸ್ ಗೀಸರಿನಲ್ಲಿ ಹಗಲೂ ರಾತ್ರಿ ಆರದ ಪುಟ್ಟ ಉರಿ.

“ಪೆಟ್ರೋಲಿನ ಆವಿ ಅದಕ್ಕೆ ತಾಗಿದ್ರೆ ಮನೆಯೇ ಹೋಗ್ತಿತ್ತು. ಹೊರಗಿನ ಕಳ್ಳ ಕಿತ್ತುಕೊಂಡು ಓಡ್ತಾನೆ. ಕ್ಲಿಪ್ ಹುಡುಕಿ ತಂದು ಹಾಕೋರು ಈ ಮನೇಲಿ ಮಲಗೋರು ಮಾತ್ರ. ಮಗಳು ಹೋದ ಮೇಲೆ ನೀನು ಪೆಟ್ರೋಲ್ ಹಾಕಿದ್ದು; ಅವಳಿದ್ದಾಗ ಟ್ಯಾಂಕ್ ಖಾಲಿ, ಕ್ಲಿಪ್ ಬೇಕೇ ಇರಲಿಲ್ಲ. ಹಾಗಾದ್ರೆ ಚಳಿಗಾಲವಿಡೀ ನಿನಗೆ ಸ್ಪ್ಯಾನರ್ ಎತ್ತಿಕೊಡ್ತಾ, ಯಾವ ಬೋಲ್ಟ್ ಎಲ್ಲಿದೆ ಅಂತ ಕಲಿತೋರು ಯಾರು, ವೆಂಡೆಲ್?”

ಆರ್ಡಿಸ್ ಕಾಫಿ ತಟ್ಟೆಯನ್ನು ಕೆಳಗಿಟ್ಟಳು. ಏಪ್ರನ್ನಿನ ಜೇಬಿನಿಂದ ಬಟ್ಟೆ ಸುತ್ತಿದ ಕಾರ್ಬುರೇಟರ್ ತೆಗೆದಳು.

“ಮದುವೆಯಾದಾಗಿಂದ ಕಾರು ಕಲಿಸು ಅಂತ ಬೇಡಿಕೊಂಡೆ. ನಾನಿದೀನಲ್ಲ, ನಿನಗ್ಯಾಕೆ ಅಂತಿದ್ದೆ ನೀನು. ಈಗ ನೀನು ಹೊರಗೆ ಹೋಗೋಕೆ ದಾರಿ ಮಾಡ್ಕೊಂಡೆ. ಇದಕ್ಕಿರೋದು ಒಂದೇ ಸೀಟು, ವೆಂಡೆಲ್. ನಾನು?”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಒಂದೇ ಚಳಿಗಾಲಕ್ಕೆ ಇವನಿಗೆ ಉಸಿರುಕಟ್ಟಿದ ಮನೆಯಲ್ಲಿ ಅವಳು ಇಡೀ ಬಾಳು ಕಳೆದಿದ್ದಳು. ಪಾಪ ಅನ್ನಿಸಿತು. ನೆರೆಯಲ್ಲೇ ಇದ್ದ ನಮಗಾದರೂ ತಿಳಿಯಬೇಡವೇ?

ವೆಂಡೆಲ್ ಕಾರ್ಬುರೇಟರನ್ನು ಅವಳ ಕೈಯಿಂದ ತೆಗೆದುಕೊಂಡ. ಅದರ ಜಾಗಕ್ಕೆ ಕೂರಿಸಿ ನನ್ನ ಕಡೆ ತಿರುಗಿದ.

“ನಿನ್ನ ಶೆಡ್ಡಲ್ಲಿ ಗಾಡಿ ಹಿಂದೆ ಕಟ್ಟಿ ಎಳೆಯೋ ಪುಟ್ಟ ಟ್ರೇಲರ್ ಇದೆಯಲ್ಲ. ಕೊಡ್ತೀಯಾ?”

“ಆರ್ಡಿಸ್‌ನ ಕೂರಿಸೋಕಾ?”

“ಅವನನ್ನ,” ಎಂದಳು ಆರ್ಡಿಸ್, ಸೀಟಿನ ಮೇಲೆ ಹತ್ತಿ ಕೂರುತ್ತಾ. “ಕಣ್ಣು ಕಾಣೋದು ನನಗೆ.”